ಆ ಪಿನ್ ಯಾರ ಹಿಡಿತದಲ್ಲಿದೆ?

ಕೋಡೆಕ್ ಅಂದರೆ ಸದ್ದನ್ನು ಅಂಕಿಗಳಾಗಿ, ಅಂಕಿಗಳನ್ನು ಸದ್ದಾಗಿ ಬದಲಿಸೋ ಚಿಪ್; ಐ2ಎಸ್ ಅಂದರೆ ಆ ಅಂಕಿಗಳು ಇನ್ನೊಂದು ಚಿಪ್ಪಿಗೆ ಹೋಗೋ ತಂತಿಗಳ ಪದ್ಧತಿ. ಕೋಡೆಕ್‌ನ ಇವಾಲ್ಯುಯೇಶನ್ ಬೋರ್ಡಿನಿಂದ (ಚಿಪ್ಪನ್ನು ಪರೀಕ್ಷಿಸಿ ನೋಡೋ ಬೋರ್ಡ್) ಐ2ಎಸ್ ಎಳೆದು ಬೇರೆ ಪ್ರೊಸೆಸರಿಗೆ ಕೊಡೋದು ಜಂಪರ್ ವೈರಲ್ಲಿ ಆಗೋ ಕೆಲಸ ಅಲ್ಲ, ಪಿಸಿಬಿ ಮಾಡಿಸು ಅಂತ ಗೆಳೆಯರೆಲ್ಲ ಹೇಳಿದ್ದರು. ಅದೇ ಜಂಪರ್ ವೈರಲ್ಲಿ ಈಗ ಸುಮಾರು ಎರಡು ವಾರದಿಂದ, 48 ಕಿಲೋಹರ್ಟ್ಸಲ್ಲಿ, ಒಂದು ಕ್ಲಿಕ್ ಸದ್ದೂ ಇಲ್ಲದೆ ಓಡ್ತಿದೆ.

ಮೊದಲ ಬೋರ್ಡ್ ಸತ್ತಿದ್ದು ನನ್ನ ಆತುರಕ್ಕೆ. ಬೋರ್ಡಿನ ಮೇಲಿದ್ದ ಯುಎಸ್‌ಬಿ ಚಿಪ್ ಆಗಲೇ ಬಿಕ್ಲಾಕ್ (ಒಂದೊಂದು ಬಿಟ್ ಯಾವಾಗ ಓದಬೇಕು ಅಂತ ಹೇಳೋ ಕ್ಲಾಕ್) ಓಡಿಸುತ್ತಿತ್ತು. ಅದು ಗೊತ್ತಿಲ್ಲದೆ ನಾನು ಪ್ರೊಸೆಸರನ್ನೂ ಮಾಸ್ಟರ್, ಅಂದರೆ ಕ್ಲಾಕ್ ಕೊಡೋ ಕಡೆ, ಮಾಡಿಟ್ಟೆ. ಒಂದೇ ತಂತಿಯ ಎರಡು ತುದಿಯಲ್ಲಿ ಎರಡು ಔಟ್‌ಪುಟ್ ಜಗಳ. ಚಿಪ್ ಮೇಲೆ ಬೆರಳಿಟ್ಟರೆ ಚುರ್ ಅನ್ನಿಸಿತು, ಆಮೇಲೆ ಆ ಪಿನ್ ಮತ್ತೆ ಏಳಲೇ ಇಲ್ಲ. ಎರಡನೇ ಬೋರ್ಡಿನ ದುಡ್ಡು ಕೈಯಿಂದಲೇ ಹೋಯ್ತು. ಅದೇ ಸಿಟ್ಟಲ್ಲಿ 24 ಮೆಗಾಹರ್ಟ್ಸಿನ ಅಗ್ಗದ ಲಾಜಿಕ್ ಅನಲೈಸರ್ (ತಂತಿಯ ಸಿಗ್ನಲ್ಲನ್ನು ಸೆಕೆಂಡಿಗೆ 2.4 ಕೋಟಿ ಸಲ ನೋಡಿ ತೋರಿಸೋದು) ತರಿಸಿದೆ, ಅದೂ ದಂಡ. 3.072 ಮೆಗಾಹರ್ಟ್ಸ್ ಬಿಕ್ಲಾಕ್ ಚೆನ್ನಾಗೇ ಕಂಡಿತು, ಆದರೆ 12.288ರ ಎಂಕ್ಲಾಕ್‌ನ (ಕೋಡೆಕ್‌ನ ಮೂಲ ಕ್ಲಾಕ್) ಒಂದು ಸುತ್ತಿಗೆ ಎರಡು ಸ್ಯಾಂಪಲ್ಲೂ ಸಿಗಲ್ಲ. ತೆರೆ ಮೇಲೆ ಬಂದದ್ದು ಬರೀ ಸುಳ್ಳು.

ಕೊನೆಗೆ ಕೈಹಿಡಿದದ್ದು ಡಬ್ಬಿಯಲ್ಲಿ ಬಿದ್ದಿದ್ದ 10ಕೆ ರೆಸಿಸ್ಟರ್. ಒಂದೂ ತಂತಿ ಹಾಕುವ ಮೊದಲು ಬೋರ್ಡಿಗೆ ಪವರ್ ಕೊಟ್ಟು, ಹೆಡರಿನ ಪ್ರತಿ ಪಿನ್ನಿಗೂ ಮೀಟರ್ ಇಟ್ಟೆ. ರೆಸಿಸ್ಟರಿನ ಒಂದು ಕಾಲು ಪಿನ್ನಿಗೆ, ಇನ್ನೊಂದು ಒಮ್ಮೆ ಗ್ರೌಂಡಿಗೆ, ಒಮ್ಮೆ ಐಓ ಸಪ್ಲೈಗೆ (ಪಿನ್ನುಗಳಿಗೆ ಪವರ್ ಕೊಡೋ ವೋಲ್ಟೇಜ್). ವೋಲ್ಟೇಜ್ ಪೂರ್ತಿ ಹಿಂಬಾಲಿಸಿದರೆ ಪಿನ್ ಖಾಲಿ. ಅರ್ಧಂಬರ್ಧ ಬಂದರೆ ಎಲ್ಲೋ ಪುಲ್‌ಅಪ್ಪೋ ಪುಲ್‌ಡೌನೋ (ಪಿನ್ನನ್ನು ಮೇಲಕ್ಕೋ ಕೆಳಕ್ಕೋ ಎಳೆದಿಡೋ ರೆಸಿಸ್ಟರ್) ಅಥವಾ ಬೇರೆ ಲೋಡ್ ಇದೆ. ಜಪ್ಪಯ್ಯ ಅಂದರೂ ಕದಲದಿದ್ದರೆ ಯಾರೋ ಡ್ರೈವ್ ಮಾಡ್ತಿದ್ದಾರೆ. ಮೀಟರ್ ಸರಾಸರಿ ತೋರಿಸೋದರಿಂದ ಕ್ಲಾಕ್ ಇರೋ ಪಿನ್ ಸಪ್ಲೈಯ ಅರ್ಧ ತೋರಿಸಿ ಅಲ್ಲೇ ನಿಲ್ಲುತ್ತೆ. ನಾನು ಎರಡನೇ ಡೇಟಾ ಲೈನಿಗೆ ಆರಿಸಿಟ್ಟಿದ್ದ ಜಿಪಿಐಓ (ಬೇಕಾದ ಕೆಲಸಕ್ಕೆ ಹಚ್ಚಬಹುದಾದ ಪಿನ್) ಅರ್ಧಂಬರ್ಧದ ಗುಂಪಿಗೆ ಸೇರಿತ್ತು. ಹುಡುಕಿದರೆ ಒಂದು ಜಂಪರ್ ಆ ಪಿನ್ನನ್ನು ಎಲ್‌ಇಡಿಗೆ ಕಟ್ಟಿಹಾಕಿದೆ! ಕಿತ್ತೆ.

ಆಮೇಲೆ ಕೋಡೆಕ್ಕೇ ಮಾಸ್ಟರ್, ಪ್ರೊಸೆಸರ್ ಸ್ಲೇವ್. ಯುಎಸ್‌ಬಿ ಚಿಪ್ಪಿನ ಜಂಪರುಗಳೂ ಹೊರಗೆ. ಸದ್ದು ಬಂತು, ಆದರೆ ವಿಚಿತ್ರ. ಮೆಲ್ಲಗೆ ಮಾತಾಡಿದರೆ ಸ್ವಚ್ಛ, ಜೋರು ಮಾಡಿದರೆ ಬಟ್ಟೆ ಹರಿದ ಹಾಗೆ. ಗೇನ್ ಅಂದುಕೊಂಡು ಎರಡು ರಾತ್ರಿ ಹಾಳು ಮಾಡಿದೆ. ಎಡಗಡೆ ಮೈಕ್ ತಟ್ಟಿದಾಗ ಬಲಗಡೆ ಕೇಳಿಸಿತಲ್ಲ, ಆಗ ಹೊಳೆಯಿತು: ಕೋಡೆಕ್ ಕಳಿಸ್ತಿರೋದು ಲೆಫ್ಟ್ ಜಸ್ಟಿಫೈಡ್ (ಮೊದಲ ಬಿಟ್ ತಡವಿಲ್ಲದೆ ಬರೋ ರೂಪ), ಪ್ರೊಸೆಸರ್ ಓದ್ತಿರೋದು ಐ2ಎಸ್ (ಒಂದು ಬಿಟ್ ತಡವಾಗಿ ಶುರುವಾಗೋ ರೂಪ). ಒಂದು ಬಿಟ್ ತಡವಾಗಿ ಓದಿದ್ದಕ್ಕೆ ಮೊದಲ ಬಿಟ್ ಮಾಯ, ಮಟ್ಟ ಇಮ್ಮಡಿ. ಎಡಬಲ ಹೇಳೋ ಕ್ಲಾಕ್ ಎರಡು ರೂಪಗಳಲ್ಲಿ ತಿರುಗುಮುರುಗು, ಅದಕ್ಕೆ ಎಡಬಲವೂ ಅದಲುಬದಲು. ಒಂದು ರಿಜಿಸ್ಟರ್ (ಚಿಪ್ಪಿನೊಳಗಿನ ಸೆಟ್ಟಿಂಗ್) ಬದಲಿಸಿದೆ, ಅಷ್ಟೇ. ರಿಜಿಸ್ಟರುಗಳನ್ನು ಯಾವ ಕ್ರಮದಲ್ಲಿ ಬರೆದರೆ ಶುರುವಿನ ಟಪ್ ಸದ್ದು ಹೋಗುತ್ತೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ತಂತಿ ವಿಷಯ. 30 ಸೆಂಟಿಮೀಟರ್ ಆಸುಪಾಸಿನದಿದ್ದಾಗ ಆಗಾಗ ಚಿರ್ ಅನ್ನೋದು. 3 ಮೆಗಾಹರ್ಟ್ಸಿಗೆ ಏನಾಗುತ್ತೆ ಬಿಡು ಅಂದುಕೊಂಡಿದ್ದೆ, ಆದರೆ ಕಾಟ ಕೊಡೋದು ಕ್ಲಾಕಿನ ವೇಗ ಅಲ್ಲ, ಅದರ ಅಂಚು (ಹೈ-ಲೋ ನಡುವಿನ ಚುರುಕಾದ ಜಿಗಿತ). ರಿಂಗಿಂಗ್ (ಅಂಚಿನ ಬೆನ್ನಿಗೇ ಬರೋ ಅಲುಗಾಟ) ಒಂದು ಅಂಚನ್ನು ಎರಡು ಮಾಡುತ್ತೆ. 10 ಸೆಂಟಿಮೀಟರಿಗೆ ಕತ್ತರಿಸಿ, ಬಿಕ್ಲಾಕ್ ಜೊತೆ ಗ್ರೌಂಡ್ ತಂತಿ ಹೊಸೆದು, ಸಿಗ್ನಲ್ ಹೊರಡೋ ಕೋಡೆಕ್ ತುದಿಯಲ್ಲಿ 33 ಓಮ್ ರೆಸಿಸ್ಟರ್ ಹಾಕಿದೆ. ಮೊದಲು ಪ್ರೊಸೆಸರ್ ತುದಿಯಲ್ಲಿ ಹಾಕಿ ನೋಡಿದ್ದೆ, ಪ್ರಯೋಜನ ಆಗಲಿಲ್ಲ.

ಇನ್ನೊಂದು: ಕೋಡೆಕ್ ಬೋರ್ಡಿನ ಪವರ್ ತೆಗೆದರೂ ಅದರ ಎಲ್‌ಇಡಿ ಮಂಕಾಗಿ ಉರೀತಿತ್ತು. ಪ್ರೊಸೆಸರಿನ ಹೈ ಇದ್ದ ಪಿನ್ನುಗಳಿಂದ ಕರೆಂಟ್ ಕೋಡೆಕ್‌ನ ಕ್ಲಾಂಪ್ ಡಯೋಡ್ (ಪಿನ್ನಿನ ರಕ್ಷಣೆಗೆ ಚಿಪ್ಪಿನೊಳಗಿರೋದು) ದಾಟಿ ನುಗ್ಗುತ್ತಿತ್ತು. ಈಗ ಮೊದಲು ಕೋಡೆಕ್ ಆನ್, ಆಮೇಲೆ ಪ್ರೊಸೆಸರ್.

ಸುಮ್ಮನಿರಲಾರದೆ ಮೊನ್ನೆ 8 ಚಾನೆಲ್ ಟಿಡಿಎಂ (ಒಂದೇ ಡೇಟಾ ತಂತಿಯಲ್ಲಿ ಹಲವು ಚಾನೆಲ್ ಸರದಿಯಾಗಿ ಕಳಿಸೋದು) ಶುರು ಮಾಡಿದೆ. ಅಲ್ಲಿ ಬಿಕ್ಲಾಕ್ಕೇ 12.288 ಮೆಗಾಹರ್ಟ್ಸ್. ತಂತಿಗಳು ತಡಕೊಂಡಿವೆ, ಆದರೆ ಎಂಟೂ ಚಾನೆಲ್ ಒಂದೊಂದು ಸ್ಥಾನ ಸರಿದು ಬರ್ತಿವೆ.