ಒಂದೇ ಹೆಸರಿನ ಎರಡು ಕಾರು: ಮೆಕ್‌ಲಾರೆನ್ ಎಫ್1 ಜಿಟಿಆರ್ ಮಾಡೆಲ್ ಕಟ್ಟಿದ ಅನುಭವ

ರೇಸ್ ಕಾರಿನ ಸ್ಕೇಲ್ ಮಾಡೆಲ್ ಕಟ್ಟಲು ಕೂತರೆ ಅದರ ಚರಿತ್ರೆಯನ್ನು ಬದಿಗಿಡಲು ಆಗುವುದಿಲ್ಲ. ಈ ಕಿಂಡಿ ಇಲ್ಲಿ ಯಾಕಿದೆ, ಈ ರೆಕ್ಕೆ ಯಾವ ವರ್ಷದ್ದು ಎಂದು ತಿಳಿಯದೆ ಕೈ ಮುಂದಕ್ಕೆ ಹೋಗದು. ಮೆಕ್‌ಲಾರೆನ್ ಎಫ್1 ಎಂಬ ರಸ್ತೆ ಕಾರಿನ (ಫಾರ್ಮುಲಾ ಒನ್ ಕಾರಲ್ಲ) ರೇಸ್ ರೂಪವಾದ ಎಫ್1 ಜಿಟಿಆರ್‌ನ 1995ರ ಮತ್ತು 1997ರ ಮಾದರಿಗಳನ್ನು 1:24 ಅಳತೆಯಲ್ಲಿ ಒಟ್ಟೊಟ್ಟಿಗೆ ಕಟ್ಟಿದೆ. 1995ರದ್ದು ರೇಸಿಗೆ ಇಳಿದ ರಸ್ತೆ ಕಾರು. 1997ರದ್ದು ರಸ್ತೆ ಕಾರಿನ ಹೆಸರು ಹೊತ್ತ ರೇಸ್ ಕಾರು. ನಡುವಿನ ಅಂತರ ಬರೀ ಎರಡು ವರ್ಷ.

ಎಫ್1 ಅನ್ನು ಗಾರ್ಡನ್ ಮರ್ರಿ ವಿನ್ಯಾಸ ಮಾಡಿದ್ದು ರಸ್ತೆಗೆ. ರೇ ಬೆಲ್ಮ್, ಥಾಮಸ್ ಬ್ಷೆರ್ ಮುಂತಾದ ಖಾಸಗಿ ರೇಸ್ ಚಾಲಕರು ಬಿಪಿಆರ್ ಎಂಬ ಜಿಟಿ ಕಾರುಗಳ ರೇಸ್ ಸರಣಿಯಲ್ಲಿ ಓಡಿಸಲು ಈ ಕಾರೇ ಬೇಕೆಂದು ಪಟ್ಟು ಹಿಡಿದ ಮೇಲೆ ಜಿಟಿಆರ್ ಹುಟ್ಟಿತು. ಹಾಗಾಗಿ ಮೊದಲ ಕಾರಿನಲ್ಲಿ ಮಾರ್ಪಾಡು ಕಡಿಮೆ: ಒಳಗೆ ರೋಲ್ ಕೇಜ್ (ಚಾಲಕನನ್ನು ಕಾಯುವ ಕೊಳವೆಗಳ ಪಂಜರ), ಕಾರ್ಬನ್ ಬ್ರೇಕ್, ಮೂತಿಯ ನಡುವೆ ದೊಡ್ಡ ಗಾಳಿಕಿಂಡಿ, ಹಿಂದೆ ಸ್ಥಿರವಾದ ರೆಕ್ಕೆ. ನನಗೆ ಬಹಳ ಇಷ್ಟವಾದದ್ದು ಪಕ್ಕದ ಕಿಂಡಿ. ರಸ್ತೆ ಕಾರಿನಲ್ಲಿ ಹಿಂಚಕ್ರದ ಮುಂದೆ ಸಾಮಾನು ಇಡುವ ಗೂಡು ಇರುತ್ತದೆ. ರೇಸ್ ಕಾರಿನಲ್ಲಿ ಅದೇ ಜಾಗ ಗಾಳಿ ಒಳಗೆಳೆಯುವ ದಾರಿಯಾಯಿತು. ನನ್ನ ಕಿಟ್‌ನಲ್ಲಿ ಆ ಭಾಗ ಗಟ್ಟಿ ಪ್ಲಾಸ್ಟಿಕ್. ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ಬ್ಲೇಡಿನಿಂದ ಒಂದಕ್ಕೊಂದು ಕೂಡಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ತೆಗೆದೆ. ಅಂಚನ್ನು ಒಳಗಿನಿಂದ ತೆಳುವಾಗಿಸಬೇಕು. ಹೊರಗಿನಿಂದ ಉಜ್ಜಿದರೆ ಬಾಡಿಯ ಗೆರೆಯೇ ಕೆಡುತ್ತದೆ. ಕೊನೆಗೆ ನೀರು ಹಾಕಿ ನಯವಾದ ಉಪ್ಪು ಕಾಗದ ಆಡಿಸಿ, ಒಳಗೆ ಮಂಕು ಕಪ್ಪು ಬಳಿದೆ. ಬೆಳಕು ಬಿದ್ದಾಗ ಕಿಂಡಿಗೆ ಆಳ ಬರುವುದು ಆ ತೆಳು ಅಂಚಿನಿಂದಲೇ.

ಎಂಜಿನ್ ಬಿಎಂಡಬ್ಲ್ಯುದು, 6.1 ಲೀಟರಿನ ವಿ12. ರಸ್ತೆ ಕಾರಿಗೆ 627 ಅಶ್ವಶಕ್ತಿ. ರೇಸ್ ನಿಯಮದಂತೆ ಗಾಳಿ ಒಳಬರುವ ದಾರಿಯನ್ನು ಕಿರಿದು ಮಾಡಬೇಕಾದ್ದರಿಂದ ಜಿಟಿಆರ್‌ನಲ್ಲಿ ಸುಮಾರು 600ಕ್ಕೆ ಇಳಿಯಿತು. ರೇಸ್ ಕಾರಿಗೇ ಬಲ ಕಡಿಮೆ! ತೂಕ ಇಳಿದದ್ದರಿಂದ ಅದು ಸರಿಹೋಯಿತು.

1995ರ ಮಾಡೆಲ್‌ಗೆ ನಾನು ಆರಿಸಿಕೊಂಡದ್ದು 59ನೇ ನಂಬರಿನ ಕಾರು, ಚಾಸಿ 01ಆರ್, ಮೈಮೇಲೆ ಪ್ರಾಯೋಜಕರಾದ ಉಯೆನೊ ಕ್ಲಿನಿಕ್ ಹೆಸರು. ಅದು ಮೆಕ್‌ಲಾರೆನ್ ತನ್ನ ಪರೀಕ್ಷೆಗಳಿಗೆ ಬಳಸುತ್ತಿದ್ದ ಕಾರು. ಫ್ರಾನ್ಸಿನ 24 ಗಂಟೆಗಳ ರೇಸ್ ಲ ಮಾನ್ಸ್ ಬಿಟ್ಟು ಬೇರೆ ರೇಸನ್ನೇ ಓಡಲಿಲ್ಲ, ಓಡಿದ ಆ ಒಂದನ್ನು ಗೆದ್ದಿತು. ಯಾನಿಕ್ ದಲ್ಮಾ, ಜೆ.ಜೆ. ಲೆಹ್ಟೊ, ಮಸಾನೊರಿ ಸೆಕಿಯಾ ಚಾಲಕರು. ಲ ಮಾನ್ಸ್ ಗೆದ್ದ ಮೊದಲ ಜಪಾನೀಯ ಸೆಕಿಯಾ. ರೇಸಿನ ಬಹುಪಾಲು ಮಳೆ. ಒದ್ದೆ ಟ್ರ್ಯಾಕಿನಲ್ಲಿ ಗೇರ್‌ಬಾಕ್ಸ್ ಮೇಲಿನ ಹೊರೆ ಇಳಿಯಿತು, ರಾತ್ರಿಯ ಮಳೆಯಲ್ಲಿ ಲೆಹ್ಟೊ ಓಡಿಸಿದ ವೇಗಕ್ಕೆ ಉಳಿದವರು ಹಿಂದೆ ಬಿದ್ದರು. ಹಾಗೆಂದು ಗೆಲುವಿನ ಪೂರ್ತಿ ಶ್ರೇಯ ಮಳೆಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೂರು, ನಾಲ್ಕು, ಐದನೆಯ ಸ್ಥಾನಕ್ಕೂ ಎಫ್1ಗಳೇ ಬಂದವು.

ಆ ಮಳೆಯನ್ನು ಮಾಡೆಲ್ ಮೇಲೆ ತರಬೇಕಿತ್ತು. ಒಣ ರೇಸಿನ ಧೂಳು ಮೈಮೇಲೆ ಕೂರುತ್ತದೆ, ಮಳೆಯ ಕೊಳೆ ಗೆರೆಯಾಗಿ ಹಿಂದಕ್ಕೆ ಹರಿಯುತ್ತದೆ. ತುಂಬ ತೆಳು ಮಾಡಿದ ಕಂದುಗಪ್ಪು ಎಣ್ಣೆಬಣ್ಣವನ್ನು ಚಕ್ರಗಳ ಹಿಂದೆ ಹಚ್ಚಿ, ಅರೆ ಒಣಗಿದಾಗ ತೇವದ ಕುಂಚವನ್ನು ಗಾಳಿ ಹೋಗುವ ದಿಕ್ಕಿಗೆ ಮಾತ್ರ ಎಳೆದೆ. ಡೆಕಾಲ್ (ಅಂಟಿಸುವ ಅಕ್ಷರ-ಚಿತ್ರಗಳ ತೆಳು ಪದರ) ಮೇಲೆ ಮೊದಲೇ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಲೇಪ, ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

1996ರಲ್ಲಿ ಪೋರ್ಶೆ 911 ಜಿಟಿ1 ಬಂತು. ಹೆಸರು 911, ಎಂಜಿನ್ ಮಾತ್ರ ರಸ್ತೆಯ 911ರಂತೆ ಹಿಂದಿನ ಆಕ್ಸಲ್‌ನ ಹಿಂದಲ್ಲ, ಮುಂದೆ. ಮರ್ಸಿಡಿಸ್ ಒಂದು ಎಫ್1 ಜಿಟಿಆರ್ ಅನ್ನೇ ಕೊಂಡು, ಅದರ ಮೇಲೆ ಪ್ರಯೋಗ ಮಾಡಿ, ಸಿಎಲ್‌ಕೆ ಜಿಟಿಆರ್ ಸಿದ್ಧಪಡಿಸಿತು. ರಸ್ತೆ ಕಾರನ್ನು ತಿದ್ದಿಕೊಂಡು ಇವರೆದುರು ನಿಲ್ಲುವಂತಿರಲಿಲ್ಲ. ಮೆಕ್‌ಲಾರೆನ್ 1997ಕ್ಕೆ ಮೂತಿ, ಬಾಲ ಎರಡನ್ನೂ ಉದ್ದ ಮಾಡಿತು, ಎಂಜಿನ್ ಅನ್ನು 6 ಲೀಟರಿಗೆ ಇಳಿಸಿತು, ಎಕ್ಸ್‌ಟ್ರ್ಯಾಕ್ ಕಂಪನಿಯ ಸೀಕ್ವೆನ್ಷಿಯಲ್ (ಗೇರುಗಳು ಒಂದಾದ ಮೇಲೊಂದರಂತೆ ಬದಲಾಗುವ) ಗೇರ್‌ಬಾಕ್ಸ್ ಕೂರಿಸಿತು. ಆ ಬಾಡಿಗೆ ಅನುಮತಿ ಸಿಗಲೆಂದು ಎಫ್1 ಜಿಟಿ ಹೆಸರಿನ ಮೂರೇ ಮೂರು ರಸ್ತೆ ಕಾರು ಕಟ್ಟಿದರು. ಮೇಜಿನ ಮೇಲೆ ಎರಡು ಬಾಡಿಗಳನ್ನು ಜೋಡಿಸಿಟ್ಟು ನೋಡಿದರೆ ಬಾಗಿಲು, ಗಾಜುಗಳ ಆಸುಪಾಸು ಬಿಟ್ಟು ಉಳಿದ ಗೆರೆಗಳು ಕೂಡುವುದೇ ಇಲ್ಲ.

ಉದ್ದಬಾಲದ ಈ ಕಾರು 1997ರ ಲ ಮಾನ್ಸ್‌ನಲ್ಲಿ ಎರಡನೆಯ, ಮೂರನೆಯ ಸ್ಥಾನ ಪಡೆಯಿತು, ತಾನು ಸ್ಪರ್ಧಿಸಿದ ಜಿಟಿ1 ವರ್ಗ ಗೆದ್ದಿತು. ಆ ವರ್ಷದ ಎಫ್ಐಎ ಜಿಟಿ ಚಾಂಪಿಯನ್‌ಶಿಪ್ ಪಟ್ಟ ಮಾತ್ರ ಮರ್ಸಿಡಿಸ್ ಪಾಲಾಯಿತು. ಮರುವರ್ಷ ಕಾರ್ಬನ್ ಚಾಸಿಯ ಪೋರ್ಶೆ ಲ ಮಾನ್ಸ್ ಗೆದ್ದಾಗ, ಕಾರ್ಖಾನೆ ತಂಡಗಳ ನಡುವೆ ಖಾಸಗಿ ತಂಡವೊಂದರ ಎಫ್1 ನಾಲ್ಕನೆಯದಾಗಿ ಬಂತು. ನಾನು ಮುಂದೆ ಕಟ್ಟಬೇಕೆಂದಿರುವುದು ಅದನ್ನೇ. 1997ರ ಬಾಡಿಯೇ ಅದಕ್ಕೆ ಆಧಾರ, ಡೆಕಾಲ್‌ಗಳನ್ನು ನಾನೇ ಬಿಡಿಸಿ ಮುದ್ರಿಸಿಕೊಳ್ಳಬೇಕು.