ಸ್ಲಿಪ್ಪೇಜ್ ಬರೆಯಲು ಕಲಿತದ್ದು

ದಾವಣಗೆರೆಯ ಕಂಟ್ರಾಕ್ಟರ್ ಒಬ್ಬರ ಆಫೀಸಿನಲ್ಲಿ ಕೆಲಸ ನನ್ನದು. ಪ್ರತಿ ಸೋಮವಾರ ಸೈಟಿನ ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಓದಿದ್ದು ಕನ್ನಡ ಮೀಡಿಯಂ. 'ಡಿಲೇ' ಅಂತ ಬರೆದು ಬರೆದು ಬೇಜಾರಾಗಿ, ಎಲ್ಲೋ ಕಂಡ 'ಸ್ಲಿಪ್ಪೇಜ್' ಎತ್ತಿಕೊಂಡೆ. ತೂಕದ ಮಾತು ಅನ್ನಿಸಿತ್ತು. ಮಳೆ ಬಂದರೆ ಸ್ಲಿಪ್ಪೇಜ್, ಸಿಮೆಂಟ್ ಬರದಿದ್ದರೂ ಸ್ಲಿಪ್ಪೇಜ್. ಒಂದು ದಿನ ಗಾರೆ ಕೆಲಸದವನೊಬ್ಬ ಕೆಸರಿನಲ್ಲಿ ಜಾರಿ ಬಿದ್ದ. ಪೆಟ್ಟೇನೂ ಆಗಲಿಲ್ಲ. ಅದನ್ನೂ 'ವರ್ಕರ್ ಸ್ಲಿಪ್ಪೇಜ್' ಎಂದು ಬರೆದೆ.

ಇಂಜಿನಿಯರ್ ಓದಿ, "ಏನ್ರೀ ಇದು, ಆಳು ಎಷ್ಟು ದಿನ ಲೇಟು?" ಎಂದರು.

ಕಾಲು ಜಾರಿದ್ದು ಸ್ಲಿಪ್. ಒಂದು ಸಲ ಆಗಿ ಮುಗಿಯಿತು. ಸ್ಲಿಪ್ಪೇಜ್ ಅಂದರೆ ಜಾರುತ್ತಾ ಹೋಗುವುದು, ಇಲ್ಲವೇ ಎಷ್ಟು ಜಾರಿತು ಎಂಬ ಲೆಕ್ಕ. ನನಗೆ ಇದು ಅರ್ಥವಾದದ್ದು ಡಿಕ್ಷನರಿಯಿಂದಲ್ಲ, ನಮ್ಮ ಓಣಿಯ ಹಿಟ್ಟಿನ ಗಿರಣಿ ನೆನಪಾದಾಗ. ಬೆಲ್ಟ್ ಸಡಿಲವಾದರೆ ಮೋಟಾರು ಜೋರಾಗಿಯೇ ತಿರುಗುತ್ತದೆ, ಕಲ್ಲು ಮಾತ್ರ ನಿಧಾನ. ಬೆಲ್ಟ್ ಜಾರದಿರಲಿ ಅಂತ ಗಿರಣಿಯವರು ಅದಕ್ಕೆ ರಾಳ ಹಚ್ಚುತ್ತಿದ್ದರು. ಕಲ್ಲು ಎಷ್ಟು ತಿರುಗಬೇಕಿತ್ತು, ಎಷ್ಟು ತಿರುಗಿತು? ಆ ನಡುವಿನ ಕೊರತೆಯೇ ಸ್ಲಿಪ್ಪೇಜ್.

ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಬ್ಯಾಂಕಿನವರು ಸರಿಯಾಗಿದ್ದ ಸಾಲ ಎನ್‌ಪಿಎ (ಕಂತು ನಿಂತುಹೋದ ಕೆಟ್ಟ ಸಾಲ) ಆದರೆ ಸ್ಲಿಪ್ಪೇಜ್ ಅನ್ನುತ್ತಾರೆ. ಸಾಮಾನ್ಯವಾಗಿ ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದಾಗ. ಷೇರು 100 ರೂಪಾಯಿಗೆ ಸಿಗುತ್ತೆ ಅಂತ ಆರ್ಡರ್ ಹಾಕಿ 100.40ಕ್ಕೆ ಸಿಕ್ಕರೆ, ಆ 40 ಪೈಸೆಯೂ ಅದೇ. ಗುಣಮಟ್ಟ ಮೆಲ್ಲಗೆ ಇಳಿದರೂ ಅದೇ.

ಈಗ ಬರೆಯುವ ಮುಂಚೆ ಗೆರೆ ಎಲ್ಲಿತ್ತು ಅಂತ ನೋಡುತ್ತೇನೆ. ಸ್ಲ್ಯಾಬ್ 12ನೇ ತಾರೀಖು ಆಗಬೇಕಿತ್ತು, 18ಕ್ಕೆ ಆಯಿತು: 'ಎ ಸ್ಲಿಪ್ಪೇಜ್ ಆಫ್ ಸಿಕ್ಸ್ ಡೇಸ್'. ಒಟ್ಟು ಕೆಲಸ ಹಿಂದೆ ಬಿದ್ದರೆ 'ಸ್ಲಿಪ್ಪೇಜ್ ಇನ್ ದ ಶೆಡ್ಯೂಲ್'. ಸ್ಪೆಲ್ಲಿಂಗಿನಲ್ಲಿ ಎರಡು 'ಪಿ'. ಲೀಕೇಜ್, ವೇಸ್ಟೇಜ್, ಬ್ರೇಕೇಜ್ ಸೈಟಿನಲ್ಲಿ ದಿನಾ ಕೇಳುವ ಮಾತುಗಳೇ, ಅಲ್ವಾ? ಇದೂ ಅದೇ ಬಳಗ. ಇಂಗ್ಲಿಷಿನವರ ಬಾಯಲ್ಲಿ ಕೊನೆ 'ಪಿಜ್' ಎಂದು ಮೊಟಕಾಗುತ್ತದಂತೆ. ನಾನಿನ್ನೂ 'ಪೇಜ್' ಅಂತಲೇ ಎಳೆಯುತ್ತೇನೆ, ಇಂಜಿನಿಯರೂ ಹಾಗೇ.

ಮೊನ್ನೆ ಸೋಮವಾರ ಟೈಲ್ಸ್ ಕೆಲಸದ ಸಾಲು ಬಂತು. ಅದಕ್ಕೆ ಯಾರೂ ತಾರೀಖೇ ಗೊತ್ತು ಮಾಡಿರಲಿಲ್ಲ. ಸುಮ್ನೆ 'ನಾಟ್ ಸ್ಟಾರ್ಟೆಡ್' ಎಂದು ಬರೆದು ಕಳಿಸಿದೆ.