ಕಡಲೆ ಬೀಜೋಪಚಾರ: ಎಡವುವುದು ಒಣಗಿಸುವಾಗಲೇ

ಹಿಂಗಾರಿ ಕಡಲೆಗೆ ಬಿತ್ತಿದ ಮೇಲೆ ಮಳೆಯಾದರೆ ಪುಣ್ಯ, ಇಲ್ಲದಿದ್ದರೆ ಎರೆ ಮಣ್ಣಿನಲ್ಲಿ ಉಳಿದ ಹಸಿಯೇ ಗತಿ. ಆ ಹಸಿ ಆರುವುದರೊಳಗೆ ಬೇರು ಕೆಳಗಿಳಿಯಬೇಕು. ಅದಕ್ಕಾಗಿಯೇ ಬೀಜವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ನೆನೆಸಿ, ಒಣಗಿಸಿ ಬಿತ್ತುವುದು. ಗದಗ, ಕೊಪ್ಪಳದ ಹಳ್ಳಿಗಳಲ್ಲಿ ನೋಡಿದ್ದೇನೆ, ಅರ್ಧಂಬರ್ಧ ಒಣಗಿಸಿ ಒಳ್ಳೆಯ ಬೀಜವನ್ನೇ ಕೆಡಿಸಿಕೊಳ್ಳುತ್ತಾರೆ.

1. ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. 85ಕ್ಕಿಂತ ಕಡಿಮೆ ಬಂದರೆ ಬೇರೆ ಬೀಜ ತನ್ನಿ.

2. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ. ನೀರು ಬೆಚ್ಚಗಾದರೆ ತಣಿಯಲು ಬಿಡಿ. ಬೀಜ ಮುಳುಗುವಂತೆ ಸುರಿದು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಸಿಯಿರಿ. ರಾತ್ರಿಯಿಡೀ ನೆನೆಸುವುದು ಉಸುಳಿಗೆ, ಬಿತ್ತನೆಗಲ್ಲ: ಮೂತಿಯೊಡೆದ ಕಾಳನ್ನು ಮತ್ತೆ ಒಣಗಿಸಿದರೆ ಮೊಳಕೆ ಸಾಯುತ್ತದೆ. ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ನೆನೆಸಲೇಬೇಡಿ, ಔಷಧಿ ತೊಳೆದುಹೋಗುತ್ತದೆ.

3. ಈಗ ಒಣಗಿಸುವುದು. ನೆನೆಸುವ ಮುಂಚೆಯೇ ಒಂದು ಕಿಲೋ ಬೀಜ ತೂಗಿ, ತೆಳುಬಟ್ಟೆಯಲ್ಲಿ ಸಡಿಲಾಗಿ ಕಟ್ಟಿ, ಉಳಿದದ್ದರ ಜೊತೆಯಲ್ಲೇ ನೆನೆಸಿ. ಬಸಿದ ಮೇಲೆ ಗಂಟು ಬಿಚ್ಚಿ, ಅದನ್ನು ಪಕ್ಕದಲ್ಲೇ ಬೇರೆಯಾಗಿ ಹರವಿ. ನೆರಳಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಕಾಳು ಬೀಳದಂತೆ ಹರಡಿ, ಆಗಾಗ ಕೈಯಾಡಿಸುತ್ತಿರಿ. ಸುಮಾರು ಏಳು ಗಂಟೆ ಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ, ಕೈಗೆ ಅದು ತಿಳಿಯುವುದಿಲ್ಲ. ತಕ್ಕಡಿಯನ್ನೇ ನಂಬಿ: ಆ ಬೀಜ ಮತ್ತೆ ಒಂದು ಕಿಲೋಗೆ ಇಳಿದಾಗಲೇ ಒಣಗಿದೆ ಎಂದರ್ಥ. ಬೇಗ ಆಗಲೆಂದು ಬಿಸಿಲಿಗೆ ಹಾಕಿದರೆ ಸಿಪ್ಪೆ ಸುಕ್ಕಾಗಿ ಬಿರಿಯುತ್ತದೆ, ಕೂರಿಗೆಯಲ್ಲಿ ಬೇಳೆಯಾಗುತ್ತದೆ. ಹಸಿ ಉಳಿದಿದ್ದನ್ನು ಚೀಲಕ್ಕೆ ತುಂಬಿದರೆ ಬೂಷ್ಟು.

4. ಸೊರಗು ರೋಗ ತಡೆಯಲು ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ. ಜೊತೆಗೆ ಶಿಲೀಂಧ್ರನಾಶಕ ಕಾರ್ಬೆಂಡೇಜಿಮ್ ಬೇಡ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಅದು ಸಾಯುತ್ತದೆ.

5. ಕೊನೆಗೆ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ಜೀವಾಣು), ಬಿತ್ತುವ ದಿನವೇ. ಕುದಿಸಿ ಪೂರ್ತಿ ಆರಿಸಿದ ಬೆಲ್ಲದ ನೀರು ಚಿಮುಕಿಸಿ, 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿ ಹಾಕಿ. ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ಹೊರಳಿಸಿ. ಕೈಯಿಂದ ಉಜ್ಜಿದರೆ ಸಿಪ್ಪೆ ಏಳುತ್ತದೆ. ಪೊಟ್ಟಣದ ಮೇಲೆ ‘ಕಡಲೆ’ ಎಂದೇ ಇರಬೇಕು. ಶೇಂಗಾದ ರೈಜೋಬಿಯಂ ಕಡಲೆಯ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಅಂಗಡಿಯ ಮುಂದೆ ಬಿಸಿಲಲ್ಲಿ ಬಿದ್ದಿದ್ದ ಪೊಟ್ಟಣ ಅಗ್ಗಕ್ಕೆ ಸಿಕ್ಕರೂ ಬೇಡ, ಒಳಗಿನ ಜೀವಾಣುಗಳು ಸತ್ತಿರುತ್ತವೆ. ಹಚ್ಚಿದ ಬೀಜ ನೆರಳಲ್ಲಿ ಆರಿದ ಕೂಡಲೇ ಬಿತ್ತಿ.

ಐದಾರು ವಾರಕ್ಕೆ ಒಂದೆರಡು ಗಿಡ ಮಣ್ಣು ಸಮೇತ ಅಗೆದು ನೋಡಿ. ಕೀಳಬೇಡಿ, ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರು ಕಂಡರೆ ಮುಂದಿನ ವರ್ಷ ಬೇರೆ ಕಡೆಯ ಪೊಟ್ಟಣ ತನ್ನಿ.